ಹಸಿದವರಿಗೆ ಹೇಳಬಾರದ ಮಾತು

ಜೂನ್ ಬಂತೆಂದರೆ ನಮ್ಮ ಆಫೀಸಿನ ವೈನಿಯ ಎಡಗಿವಿ ಬರಿದಾಗುತ್ತಿತ್ತು. ಬಲಗಿವಿಯಲ್ಲಿ ಮುತ್ತಿನ ಓಲೆ, ಎಡಗಿವಿಯಲ್ಲಿ ಬರೀ ತೂತು. ದಿನವಿಡೀ ಫೋನ್ ಒತ್ತಿಕೊಂಡರೆ ಓಲೆಯ ತಿರುಪು ಕಿವಿಯ ಹಿಂದೆ ಚುಚ್ಚುತ್ತದೆಂದು, ಮೊದಲ ಫೋನಿಗೆ ಮುಂಚೆ ಅದನ್ನು ಬಿಚ್ಚಿ ಗುಂಡುಸೂಜಿಯ ಡಬ್ಬಿಗೆ ಹಾಕುತ್ತಿದ್ದರು. ಸಂಜೆ ಎಷ್ಟೋ ಸಲ ಅದನ್ನಲ್ಲೇ ಮರೆತು ಒಂದೇ ಓಲೆಯಲ್ಲಿ ಮನೆಗೆ ಹೋಗುತ್ತಿದ್ದರು. ಹೊರಗೆ ಹೂಸ್ಟನ್ನಿನ ಬಿಸಿಲಿಗೆ ಪಾರ್ಕಿಂಗ್ ಜಾಗದ ಡಾಂಬರು ಮೆತ್ತಗಾಗುತ್ತಿದ್ದರೆ, ಒಳಗೆ ಎ.ಸಿ.ಯ ಚಳಿಯಲ್ಲಿ ಇವರು ಕಂದು ಸ್ವೆಟರ್ ಹೊದ್ದು, ಬರಿಗಿವಿಗೆ ಫೋನ್ ಹಚ್ಚಿ ಕೂತಿರುತ್ತಿದ್ದರು. ಬೇಸಿಗೆಯಲ್ಲಿ ಅವರ ಮುಖ್ಯ ಕೆಲಸವೆಂದರೆ ನಮ್ಮ ಐಸ್ ಹಾಕಿ ಟೀಮಿನಿಂದ ಆಟಗಾರರನ್ನು ತೆಗೆಯುವುದು.

ಟೆಕ್ಸಾಸಿನಲ್ಲಿ ಐಸ್ ಹಾಕಿಯೇ ಎಂದು ನಗುವವರು ನಗಲಿ, ನಾನೂ ನಕ್ಕವನೇ. ಆಸ್ಟಿನ್ನಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿ ಮುಗಿಸಿ, ಸಿಕ್ಕಸಿಕ್ಕ ಕಡೆ ಅರ್ಜಿ ಹಾಕಿ ಸುಸ್ತಾಗಿ, ತೊಂಬತ್ತರ ದಶಕದ ಕೊನೆಗೆ ಹೂಸ್ಟನ್ ಹತ್ತಿರದ ಈ ಸಣ್ಣ ಲೀಗಿನ ಟೀಮಿಗೆ ಬಂದು ಬಿದ್ದೆ. ಆ ಟೀಮು ಈಗಿಲ್ಲ, ಹೆಸರು ಹೇಳಿದರೂ ಯಾರಿಗೂ ನೆನಪಾಗದು. ಯಾರು ಎಷ್ಟು ಗೋಲು ಹೊಡೆದ, ಯಾರ ಮಂಡಿ ಹೋಗಿದೆ, ಯಾರು ಬೆಂಚಿನ ಮೇಲೆ ಕೂತೇ ಸಂಬಳ ತಿಂದ ಎಂದು ಲೆಕ್ಕ ಹಾಕುವುದು ನನ್ನ ಪಾಲಿನ ಕೆಲಸ. ವೈನಿ ಕಾಂಟ್ರಾಕ್ಟುಗಳನ್ನು ನೋಡಿಕೊಳ್ಳುವ ಮುಖ್ಯಸ್ಥೆ. ಧಾರವಾಡದವರು. ಗಂಡ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು, ಮನೆ ಶುಗರ್ ಲ್ಯಾಂಡಿನಲ್ಲಿ. ಮಕ್ಕಳು ಕಾಲೇಜಿಗೆ ಹೋದ ಮೇಲೆ ಹೊತ್ತು ಹೋಗದೆ ಟೀಮಿನ ಅಕೌಂಟ್ಸ್ ವಿಭಾಗ ಸೇರಿ, ಮೆಲ್ಲಗೆ ಈ ಕುರ್ಚಿಗೆ ಬಂದಿದ್ದರು.

ಮೊದಲ ದಿನ ನಾನು ಅಭ್ಯಾಸಬಲದಿಂದ ‘ಆಂಟಿ’ ಎಂದೆ. ಕನ್ನಡಕದ ಮೇಲಿಂದ ನೋಡಿದರು.

“ಆಫೀಸಿನ್ಯಾಗ ಆಂಟಿ ಅನಬ್ಯಾಡ್ರಿ. ಯುಗಾದಿ ಪಾರ್ಟಿಯೊಳಗ ಪೇಪರ್ ಪ್ಲೇಟ್ ಹಂಚಾಕ ನಿಂತಂಗ ಅನಸ್ತದ. ವೈನಿ ಅನ್ರಿ.”

ಅವರ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ. ನಾನು ಹಾಗೇ ಕರೆದೆ. ನಾನು ಕರೆಯುವುದನ್ನು ಕೇಳಿದ ಟೀಮಿನ ಕೆನಡಾದ ಹುಡುಗರು ಅದೇ ಅವರ ಹೆಸರೆಂದುಕೊಂಡು ‘ವಿನ್ನಿ’ ಎನ್ನತೊಡಗಿದರು. ಹೀಗೆ ಮುಂದಿನ ಹಲ್ಲು ಉದುರಿದ, ಮೂಗು ಸೊಟ್ಟಾದ, ಆರಡಿ ಮೀರಿದ ಇಡೀ ತಂಡಕ್ಕೆ ಅವರು ಅತ್ತಿಗೆಯಾದರು. ಪ್ರತಿಯಾಗಿ ಅವರು ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ನಾನು ಕೊನೆಯವರೆಗೂ ‘ಮೈಸೂರವ್ರು’.

ಆಟ ಅವರಿಗೆ ಹಿಡಿಸುತ್ತಿರಲಿಲ್ಲ. ರಿಂಕಿನಲ್ಲಿ, ಅಂದರೆ ಆ ಐಸಿನ ಮೈದಾನದಲ್ಲಿ, ಹೊಡೆದಾಟ ಶುರುವಾದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. “ಇವರು ಬಡದಾಡಾಕ ಪಗಾರ ಕೊಡಾಕಿ ನಾನ. ಇದು ಯಾವ ಕರ್ಮರೀ!” ಎನ್ನುತ್ತಿದ್ದರು. ಆದರೆ ಚೌಕಾಸಿಗೆ ಕೂತರೆ ಎದುರಿನ ಏಜೆಂಟು ಬೆವರು ಒರೆಸಿಕೊಳ್ಳಬೇಕು. ಮಾತು ಒರಟು, ಸಿಟ್ಟು ಮೂಗಿನ ತುದಿಯಲ್ಲೇ. ಅವರ ಸ್ಟೇಪ್ಲರ್ ಮುಟ್ಟಿದವನಿಗೆ ಆ ವಾರ ನೆಮ್ಮದಿಯಿಲ್ಲ.

ಸೀಸನ್ ಮುಗಿದ ಮೇಲೆ ರಿಂಕಿನ ಐಸನ್ನು ಕರಗಿಸಿಬಿಡುತ್ತಿದ್ದರು. ಒದ್ದೆ ಸಿಮೆಂಟಿನ ವಾಸನೆ ಹೊಡೆಯುವ ಆ ಕಟ್ಟಡದ ಮೇಲಿನ ಕೋಣೆಯಲ್ಲಿ, ಬಿಳಿ ಹಲಗೆಯ ಮುಂದೆ ನಾವು ಮೂವರು ಬೇಸಿಗೆ ಕಳೆಯಬೇಕು: ಮ್ಯಾನೇಜರ್, ವೈನಿ, ನಾನು. ಹಲಗೆಯ ಮೇಲೆ ಒಬ್ಬೊಬ್ಬ ಆಟಗಾರನ ಹೆಸರಿಗೂ ಒಂದೊಂದು ಅಯಸ್ಕಾಂತದ ಪಟ್ಟಿ. ಇವನನ್ನು ಇಟ್ಟುಕೊಂಡರೆ ಅವನಿಗೆ ಜಾಗವಿಲ್ಲ, ಅವನನ್ನು ಕರೆದರೆ ಸಂಬಳದ ಮಿತಿ ಮೀರುತ್ತದೆ. ತುಂಬ ವರ್ಷ ಆಡಿದ ಹಳಬರು ತಂಡಕ್ಕೆ ಇಂತಿಷ್ಟೇ ಜನ ಇರಬೇಕೆಂದು ಲೀಗಿನ ನಿಯಮ ಬೇರೆ. ಬೆಳಿಗ್ಗೆ ಎತ್ತಿದ ಪಟ್ಟಿಯನ್ನು ಮಧ್ಯಾಹ್ನ ಮತ್ತೆ ಅಂಟಿಸುತ್ತಿದ್ದೆವು. ದಿನಗಟ್ಟಲೆ ಇದೇ. ಯಾರದೋ ಬದುಕನ್ನು ಹಲಗೆಯ ಮೇಲೆ ಅತ್ತಿತ್ತ ಸರಿಸುವುದರಲ್ಲಿ ಬರುವ ದಣಿವು ನಿದ್ದೆ ಮಾಡಿದರೂ ಹೋಗುವುದಿಲ್ಲ ಎಂದು ನನಗೆ ಅಲ್ಲಿ ಗೊತ್ತಾಯಿತು.

ಒಮ್ಮೆ ನಾನು ಯಾವನೋ ಹುಡುಗನ ಗೋಲುಗಳ ಲೆಕ್ಕ ಒಪ್ಪಿಸುತ್ತಿದ್ದಾಗ ವೈನಿ ಕೇಳಿದರು: “ಅವನ ಹೆಂಡ್ತಿ ಈಗ ಬಸರಿ ಅದಾಳ. ಅದನ್ನ ಯಾವ ಕಾಲಮ್ಮಿನ್ಯಾಗ ಬರೀತೀರಿ ಮೈಸೂರವ್ರ?” ಆಮೇಲೆ ಆ ಹುಡುಗನ ಪಟ್ಟಿಯನ್ನು ಹಲಗೆಯಿಂದ ತಾವೇ ಕಿತ್ತರು.

ತೆಗೆದ ಮೇಲೆ ತೆಗೆದವನಿಗೆ ಹೇಳಬೇಕಲ್ಲ? ನಮ್ಮ ಮ್ಯಾನೇಜರ್ ಆಳು ಭೀಮಸೇನನಂತಿದ್ದರೂ ಈ ಕೆಲಸ ಬಂದಾಗ ಮೀನು ಹಿಡಿಯಲು ಹೊರಟುಬಿಡುತ್ತಿದ್ದ. ಹಾಗಾಗಿ ಅದು ವೈನಿಯ ತಲೆಗೆ ಬಂತು. ಅವರು ಓಲೆ ಬಿಚ್ಚಿ ಡಬ್ಬಿಗೆ ಹಾಕಿ ಫೋನ್ ಎತ್ತುತ್ತಿದ್ದರು. ಹಲೋ ಆದ ಮೇಲೆ ಮೊದಲ ಪ್ರಶ್ನೆ ಇಂಗ್ಲಿಷಿನಲ್ಲಿ ಒಂದೇ: “ಊಟ ಆಯಿತೇ?”

ಮೊದಲ ಬಾರಿ ಈ ಪ್ರಶ್ನೆ ಕೇಳಿಸಿಕೊಂಡ ಗೋಲ್‌ಕೀಪರ್ ಅದನ್ನು ಆಮಂತ್ರಣವೆಂದುಕೊಂಡು, “ಇಲ್ಲ, ಎಲ್ಲಿಗೆ ಬರಲಿ?” ಎಂದನಂತೆ. ವೈನಿಗೆ ಮುಂದೆ ಹೇಳಲು ಬಾಯಿ ಬರಲಿಲ್ಲ. ಮನೆಗೇ ಕರೆದು, ಜೋಳದ ರೊಟ್ಟಿ ಎಣ್ಣೆಗಾಯಿ ಬಡಿಸಿ, ಅವನು ಬೆರಳು ನೆಕ್ಕಿ ಮುಗಿಸಿದ ಮೇಲೆ ಟೀಮಿನಲ್ಲಿ ಜಾಗವಿಲ್ಲ ಎಂದರು. ಅಲ್ಲಿಂದ ಮುಂದೆ ಆ ಪ್ರಶ್ನೆಯ ಅರ್ಥ ಎಲ್ಲರಿಗೂ ತಿಳಿಯಿತು. ನಮ್ಮ ಊರುಗಳಲ್ಲಿ ಬೀದಿಯಲ್ಲಿ ಸಿಕ್ಕವರೆಲ್ಲ ಕೇಳುವ ಮಾತಿಗೆ ಈ ದೈತ್ಯರು ಗಡಗಡ ನಡುಗುತ್ತಿದ್ದರು. ಕಾರಿಡಾರಿನಲ್ಲಿ ನಾನು ಸುಮ್ಮನೆ ಒಬ್ಬನನ್ನು ಊಟ ಆಯಿತೇ ಎಂದು ವಿಚಾರಿಸಿದಾಗ ಅವನು ಗೋಡೆಗೆ ಒರಗಿ ನಿಂತುಬಿಟ್ಟದ್ದುಂಟು.

ಇನ್ನು ನಮ್ಮ ಕ್ಯಾಪ್ಟನ್ನನ ವಿಷಯ. ಕೆನಡಾದವನು, ಡಿಫೆನ್ಸ್ ಆಟಗಾರ, ವಯಸ್ಸು ಮೂವತ್ತೈದು ದಾಟಿತ್ತು. ಎರಡೂ ಮಂಡಿಗೆ ಆಪರೇಷನ್ ಆಗಿತ್ತು. ಹೆಂಡತಿ ಆಸ್ಟಿನ್ನಿನ ಮನೆಯಲ್ಲಿ, ಮಗಳು ಅಲ್ಲಿಯ ಶಾಲೆಯಲ್ಲಿ; ಸೀಸನ್ ಮುಗಿದರೆ ಅವನೂ ಅಲ್ಲೇ ಇರುತ್ತಿದ್ದ. ಅವನ ವೀಸಾ ಟೀಮಿನ ಮೇಲೆ ನಿಂತಿತ್ತು. ಟೀಮು ಬಿಟ್ಟರೆ ಮನೆ, ಶಾಲೆ ಎಲ್ಲ ಬಿಟ್ಟು ಸಂಸಾರವೇ ದೇಶ ಬಿಡಬೇಕು. ಆ ಬೇಸಿಗೆ ಹಳಬರ ಜಾಗದಲ್ಲಿ ಒಂದೇ ಒಂದು ಉಳಿದಿತ್ತು. ಡಲ್ಲಾಸ್ ಕಡೆಯ ಟೀಮೊಂದರಿಂದ ಬರುವ, ಅವನಿಗಿಂತ ಚಿಕ್ಕ ಪ್ರಾಯದ ಇನ್ನೊಬ್ಬ ಹಳಬನಿಗೆ ಅದು ಬೇಕೆಂದು ಮ್ಯಾನೇಜರನ ಹಟ. ವೈನಿ ಕ್ಯಾಪ್ಟನ್ನನ ಪರ ನಿಂತು, ಇಡೀ ವಾರ ಮ್ಯಾನೇಜರನ ಜೊತೆ ಗಂಟಲು ಹರಿಯುವಂತೆ ಜಗಳವಾಡಿದರು. ಕೊನೆಗೆ ನನ್ನ ಕಡೆ ತಿರುಗಿದರು.

“ನಿಮ್ಮ ಲೆಕ್ಕ ಏನಂತದ?”

“ಬಿಡಬೇಕು ಅನ್ನತ್ತೆ, ವೈನಿ.”

ವೈನಿ ಕ್ಯಾಪ್ಟನ್ನನ ಪಟ್ಟಿಯನ್ನು ಹಲಗೆಯಿಂದ ತೆಗೆದರು. ಆಮೇಲೆ ಓಲೆ ಬಿಚ್ಚಿದರು.

ಕ್ಯಾಪ್ಟನ್ ಚಾಲಾಕಿ. ಊಟ ಆಯಿತೇ ಎಂದ ಕೂಡಲೇ “ಇನ್ನೂ ಇಲ್ಲ ವಿನ್ನಿ” ಎಂದು ಫೋನಿಟ್ಟ. ಮಧ್ಯಾಹ್ನ ಮಾಡಿದರೆ, ಇನ್ನೂ ಇಲ್ಲ. ಸಂಜೆಯೂ ಇಲ್ಲ. ಮರುದಿನವೂ ಅದೇ ರಾಗ. ತಿಂದೆ ಎನ್ನುವವರೆಗೆ ಈಕೆ ಹೇಳುವುದಿಲ್ಲ, ಹೇಳುವವರೆಗೆ ತಾನು ಟೀಮಿನಲ್ಲೇ ಇದ್ದೇನೆ ಎಂದು ಅವನ ತರ್ಕ. ನಾನು ನಕ್ಕೆ. ವೈನಿ ನಗಲಿಲ್ಲ.

“ಈ ಮನಷ್ಯಾ ಎಷ್ಟು ದಿನ ಉಪಾಸ ಇರ್ತಾನ? ಗಾಡಿ ತೆಗೀರಿ, ಹೋಗೂಣು.”

ರೊಟ್ಟಿಯ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಟಿನ್‌ವರೆಗೂ ಕೂತಿದ್ದರು. ದಾರಿಯುದ್ದಕ್ಕೂ ಸುಟ್ಟ ಹುಲ್ಲು, ಎದುರು ಬಿಸಿಲು. ನಡುವೆ ಎಲ್ಲೋ ಅವರಾಗಿಯೇ ಹೇಳಿದರು. ಅವರು ಚಿಕ್ಕವರಿದ್ದಾಗ ಅಜ್ಜ ತೀರಿದ ತಂತಿ ಮನೆಗೆ ಬಂತಂತೆ. ತಾಯಿ ಅದನ್ನು ಓದಿ, ಸೆರಗಿನಲ್ಲಿ ಗಂಟು ಹಾಕಿಕೊಂಡು, ಮಕ್ಕಳನ್ನೂ ಗಂಡನನ್ನೂ ಕೂರಿಸಿ ಬಿಸಿ ರೊಟ್ಟಿ ಬಡಿಸಿದರಂತೆ. ಎಲ್ಲರೂ ಕೈ ತೊಳೆದ ಮೇಲೆ ಗಂಟು ಬಿಚ್ಚಿದರಂತೆ.

“ಹಸದವರಿಗೆ ಕೆಟ್ಟ ಸುದ್ದಿ ಹೇಳಬಾರದ್ರಿ. ಹೊಟ್ಟ್ಯಾಗ ನಾಕು ತುತ್ತು ಇದ್ರ ಮನಷ್ಯಾ ನೆಲಕ್ಕ ಬೀಳೂದಿಲ್ಲ. ಆದ್ರ ಅವ್ವ ಉಂಡಿದ್ದಿಲ್ಲ. ಹೇಳಾವ್ರು ಉಂಡು ಹೇಳಬಾರದು.”

ಪ್ರತಿ ಬೇಸಿಗೆಯ ಕೊನೆಗೆ ಆ ಕಂದು ಸ್ವೆಟರು ಅವರ ಮೈಮೇಲೆ ಯಾಕೆ ಜೋಲುತ್ತಿತ್ತೆಂದು ಆಗ ನನಗೆ ಹೊಳೆಯಿತು.

ಕ್ಯಾಪ್ಟನ್ ಬಾಗಿಲು ತೆರೆದು ಡಬ್ಬಿ ನೋಡಿದ. ನಗಲು ಹೋದ, ಆಗಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು ಕೇಳಿದ:

“ತಿಂದರೆ ಮುಗಿಯಿತು, ಅಲ್ಲವೇ ವಿನ್ನಿ?”

“ಹೌದು.”

“ತಿನ್ನದಿದ್ದರೆ?”

“ತಿನ್ನದಿದ್ದರೂ ಮುಗಿದಿದೆ. ಹಸಿದುಕೊಂಡು ಕೇಳಬೇಡ, ಅಷ್ಟೇ.”

ಅವನು ರೊಟ್ಟಿ ಮುರಿದ. ಒಂದೊಂದೇ ತುತ್ತನ್ನು ಅಗಿದು ಅಗಿದು ನುಂಗಿದ. ಅಷ್ಟು ನಿಧಾನವಾಗಿ ಉಣ್ಣುವವರನ್ನು ನಾನು ಆಮೇಲೆ ನೋಡಿಲ್ಲ. ತಟ್ಟೆ ಖಾಲಿಯಾದ ಮೇಲೆ ವೈನಿ ಹೇಳಿದರು, ಸುತ್ತಿ ಬಳಸಲಿಲ್ಲ. ಇನ್ನೊಂದೇ ಒಂದು ಸೀಸನ್ ಎಂದು ಅವನು ಬೇಡಿಕೊಂಡ. “ಕೇಳಿದೆ. ಜಗಳವಾಡಿ ಕೇಳಿದೆ. ಆಗಲಿಲ್ಲ” ಎಂದರು. ಮ್ಯಾನೇಜರನ ಹೆಸರೆತ್ತಲಿಲ್ಲ, ನನ್ನ ಲೆಕ್ಕದ ಮಾತೂ ತೆಗೆಯಲಿಲ್ಲ. ತೆಗೆದಿದ್ದರೆ ನನಗೆ ಅಲ್ಲಿ ಕೂರಲು ಆಗುತ್ತಿರಲಿಲ್ಲ. ಅವನು ಎದ್ದು ಡಬ್ಬಿಯನ್ನು ತಾನೇ ತೊಳೆದು, ಒರೆಸಿ ಕೊಟ್ಟ. ಕಾರಿನಲ್ಲಿ ವೈನಿ ಬಹಳ ದೂರ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು.

ಆಗಸ್ಟಿನಲ್ಲಿ ಅವನು ಮನೆ ಖಾಲಿ ಮಾಡಿ ಕೆನಡಾಕ್ಕೆ ಹೊರಟ. ಅವನ ಜಾಗಕ್ಕೆ ಬಂದವನು ಸೀಸನ್ ಶುರುವಾಗಿ ನೆಟ್ಟಗೆ ಎರಡು ತಿಂಗಳೂ ಆಗಿರಲಿಲ್ಲ, ಭುಜ ಮುರಿದುಕೊಂಡ. ಹಲಗೆಯ ಮೇಲೆ ಮತ್ತೆ ಪಟ್ಟಿ ಸರಿಸಿದೆವು.

ಕೆಲವು ವರ್ಷಗಳಲ್ಲಿ ಟೀಮೂ ಮುಚ್ಚಿತು. ಆ ಸುದ್ದಿ ಮಾತ್ರ ವೈನಿಯ ಫೋನಿಗೆ ಕಾಯದೆ ಬೆಳಗಿನ ಪೇಪರಿನಲ್ಲಿ ಬಂದುಬಿಟ್ಟಿತು. ಕೆಲಸ ಹೋದದ್ದಕ್ಕಿಂತ ಅವರಿಗೆ ಅದೇ ಸಿಟ್ಟು: “ಮಂದಿ ನಾಷ್ಟಾ ಮಾಡೂದರೊಳಗ ಹೇಳಿಬಿಟ್ಟರಲ್ರಿ!” ನಾನು ಡಲ್ಲಾಸಿನ ಒಂದು ವಿಮಾ ಕಂಪನಿಗೆ ಸೇರಿ ಫ್ರಿಸ್ಕೋದಲ್ಲಿ ಮನೆ ಮಾಡಿದೆ. ಯುಗಾದಿಗೆ, ದೀಪಾವಳಿಗೆ ಅವರಿಗೆ ಫೋನ್ ಮಾಡುತ್ತಿದ್ದೆ. ಅವರಾಗಿ ಮಾಡುವುದು ಕಡಿಮೆ. ಫೋನ್ ಎಂದರೆ ತನಗೆ ಸಾಕಾಗಿಹೋಗಿದೆ ಎನ್ನುತ್ತಿದ್ದರು.

ಅದಕ್ಕೇ, ಒಂದು ಫೆಬ್ರುವರಿಯ ಭಾನುವಾರ ಅವರೇ ಮಾಡಿದಾಗ ಗಾಬರಿಯಾಯಿತು. ನಾನು ಆಗತಾನೇ ಉಂಡು ಎದ್ದಿದ್ದೆ, ಕೈ ಇನ್ನೂ ಒದ್ದೆಯಿತ್ತು.

“ಮೈಸೂರವ್ರ, ಊಟ ಆತೇನ್ರಿ?”

ನಾನು ಗೋಡೆಗೆ ಒರಗಿಕೊಂಡೆ.

“ಇಲ್ಲ, ವೈನಿ. ಇನ್ನೂ ಇಲ್ಲ.”

ಅವರು ಸಣ್ಣಗೆ ನಕ್ಕರು. “ಹಂಗಾರ ನಾಳೆ ಮಾಡ್ತೀನಿ” ಎಂದು ಇಟ್ಟರು. ಮರುದಿನ ಮಾಡಿದರು. ನಾನು ಮತ್ತೆ ಇನ್ನೂ ಇಲ್ಲವೆಂದೆ. ಅದರ ಮರುದಿನವೂ ಅಷ್ಟೇ. ನಾಲ್ಕನೆಯ ಸಲ ಕೇಳಿಸಿದ್ದು ಅವರ ಗಂಡನ ದನಿ: “ಅಕಿಗೆ ಗಾಡಿಯೊಳಗ ಅಷ್ಟು ದೂರ ಬರಾಕ ಆಗೂದಿಲ್ಲಪಾ. ನೀವ ಬರ್ರಿ.”

ರಜೆ ಹಾಕಿ ಶುಗರ್ ಲ್ಯಾಂಡಿಗೆ ಡ್ರೈವ್ ಮಾಡಿಕೊಂಡು ಹೋದೆ. ದಾರಿಯಲ್ಲಿ ಏನೂ ತಿನ್ನಲಿಲ್ಲ. ವೈನಿ ಅದೇ ಕಂದು ಸ್ವೆಟರಿನಲ್ಲಿ ಊಟದ ಮೇಜಿನ ಮುಂದೆ ಕೂತಿದ್ದರು, ಒಳಗೆ ಅವರು ಅರ್ಧವೂ ಉಳಿದಿರಲಿಲ್ಲ. ಎಡಗಿವಿ ಬರಿದು. ರೊಟ್ಟಿ ಬಡಿಯಲು ಕೈಯಲ್ಲಿ ಶಕ್ತಿಯಿಲ್ಲವೆಂದು ಸ್ಟಾಫರ್ಡಿನ ಅಂಗಡಿಯಿಂದ ತರಿಸಿದ್ದರು. “ಕೂಡ್ರಿ” ಎಂದರು. ಕೂತೆ. ಅವರು ನೋಡುತ್ತಲೇ ಇದ್ದರು, ನಾನು ತಿಂದೆ. ಕ್ಯಾಪ್ಟನ್ನನ ಹಾಗೆ ನಾನೂ ಪ್ರತಿ ತುತ್ತನ್ನೂ ಎಳೆದೆ. ಆದರೂ ತಟ್ಟೆ ಖಾಲಿಯಾಯಿತು.

ಆಮೇಲೆ ಹೇಳಿದರು. ಸುತ್ತಿ ಬಳಸದೆ ಹೇಳಿದರು. ಕಾಯಿಲೆ ಕೈಮೀರಿದೆ, ಡಾಕ್ಟರು ಈ ಬೇಸಿಗೆಯವರೆಗೆ ಎಂದಿದ್ದಾರೆ ಎಂದರು. ನಾನು ತಟ್ಟೆಯ ಮುಂದೆಯೇ ಅತ್ತೆ. ಅವರು ಅಳಲಿಲ್ಲ. ಅಳುವವರ ಮುಂದೆ ಅವರು ಯಾವತ್ತೂ ಅತ್ತವರಲ್ಲ.

“ಸಾಕು ಸುಮ್ಮನಿರ್ರಿ. ಯಾರ ಯಾರನ್ನೋ ಮನಿಗೆ ಕಳಿಸೀವಿ, ನಮ್ಮ ಪಾಳಿ ಬರೂದಿಲ್ಲೇನು?”

ಸ್ವಲ್ಪ ಹೊತ್ತಾದ ಮೇಲೆ ನನಗೆ ನೆನಪಾಗಿ ಕೇಳಿದೆ: “ನಿಮ್ದು ಊಟ ಆಯ್ತಾ, ವೈನಿ?”

“ಎಲ್ಲೀದ್ರಿ ಊಟ? ನಾಕು ದಿನದಿಂದ ಕಾಯಿಸೀರಿ” ಎಂದು ತಮ್ಮ ತಟ್ಟೆಯನ್ನು ನನ್ನ ಕಡೆ ತಳ್ಳಿದರು. “ಹೇಳೂದು ಮುಗೀತಲ್ಲ. ಈಗ ಹಾಕ್ರಿ, ಉಣ್ತೀನಿ.”

ನಾನು ಬಡಿಸಿದೆ. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದ್ದರೂ ಅವರಿಗೆ ನಾನು ಬಡಿಸಿದ್ದು ಅದೊಂದೇ ಸಲ. ಅರ್ಧ ರೊಟ್ಟಿ ತಿಂದರು.

ಜೂನಿನಲ್ಲಿ ತೀರಿಕೊಂಡರು. ಅವರ ಗಂಡ ಫೋನ್ ಮಾಡಿದಾಗ ಮೊದಲು ಹಲೋ ಎಂದರು, ಆಮೇಲೆ ಊಟ ಆತೇನಪಾ ಎಂದರು. ಆಯಿತು ಎಂದೆ. ಆಗಿರಲಿಲ್ಲ, ಆದರೆ ಆ ವಯಸ್ಸಾದವರನ್ನು ಮತ್ತೆ ಕಾಯಿಸಲು ನನಗೆ ಮನಸ್ಸಾಗಲಿಲ್ಲ.