ಸಕ್ಕರೆ ಕೊಟ್ಟು ಕಳಿಸಿದ ಸಾಹೇಬರು

ಮೊಮ್ಮಗಳ ಇಂಟರ್‌ವ್ಯೂಗೆ ಅವಳ ಜೊತೆ ಹೋದವಳು ನಾನು. ಮಗನ ಮಗ್ಗದ ಮೇಲೆ ಮದುವೆ ಸೀರೆಗಳಿದ್ದವು, ನಿಲ್ಲಿಸುವಂತಿರಲಿಲ್ಲ. ಸೊಸೆಗೆ ಬಸ್ಸು ಹತ್ತಿದರೆ ವಾಂತಿ. ಹೀಗಾಗಿ ನಾವಿಬ್ಬರೇ ಬನಹಟ್ಟಿಯಿಂದ ಮುಧೋಳಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಸಕ್ಕರೆ ಕಾರ್ಖಾನೆ ಮುಟ್ಟಿದೆವು.

ಕೆಲಸ ಲ್ಯಾಬಿನದು. ಕಬ್ಬಿನ ಹಾಲು, ಸಕ್ಕರೆ ಪರೀಕ್ಷೆ ಮಾಡುವುದು. ಅವಳು ಜಮಖಂಡಿಯಲ್ಲಿ ಬಿ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಚಿಮ್ಮಡದ ಖಾಸಗಿ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ನಾನು ನಾಲ್ಕನೇ ಇಯತ್ತೆಗೇ ಪಾಟಿ ಕೆಳಗಿಟ್ಟು ಸಾಲೆ ಬಿಟ್ಟವಳು. ಅವಳು ಹೇಳುವ ಪರೀಕ್ಷೆಗಳ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ, ಆದರೆ ಕೇಳಲು ಬಹಳ ಹಿತ.

ಗೇಟಿನ ಹತ್ತಿರ ಬೇವಿನ ನೆರಳಲ್ಲಿ ಕುಳಿತಿದ್ದೆ. ಒಂದು ತಾಸಿನ ಮೇಲೆ ಬಂದಳು. ಕೈಯಲ್ಲಿ ಕಾಗದದ ಪೊಟ್ಟಣವಿತ್ತು.

“ಏನಂದ್ರ ಬೇ?”

“ಬಾಯ್ಲರ್ ಹಚ್ಚಿ ಸೀಜನ್ ಶುರು ಮಾಡೂದು ದೂರಿಲ್ಲ, ತಯಾರಾಗಿರ್ರಿ ಅಂದ್ರು. ಬೂಟಿನ ನಂಬರ್ ಕೇಳಿ ಬರಕೊಂಡ್ರು. ಮತ್ತ ಬಾಗಲಕ ಬಂದಾಗ, ನೀವು ಫೋನ್ ಮಾಡಬ್ಯಾಡ್ರಿ, ನಾವ ಮಾಡ್ತೇವಿ ಅಂದ್ರು.”

“ಪೊಟ್ಟಣದಾಗ ಏನೈತಿ?”

“ಸಕ್ಕರಿ. ಸಾಹೇಬರ ಟೇಬಲ್ ಮ್ಯಾಲಿಂದು. ಮನಿಗೆ ಒಯ್ರಿ ಅಂತ ಕೊಟ್ರು.”

ಸಕ್ಕರೆ ಎಂದದ್ದೇ ತಡ, ಉಳಿದ ಮಾತನ್ನು ನಾನು ಬಿಟ್ಟುಬಿಟ್ಟೆ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಒಪ್ಪಿದರೆ ಹುಡುಗಿಯ ಕೈಗೆ ಸಕ್ಕರೆ ಹಾಕುತ್ತಾರೆ. ಹಾಕಿದರೆ ಮುಗಿಯಿತು, ಬರೆದುಕೊಡುವುದು ಬೇಕಿಲ್ಲ. ಒಪ್ಪದವರು ‘ಹೇಳಿ ಕಳಿಸ್ತೇವಿ’ ಎಂದು ಚಹಾ ಕುಡಿದು ಎದ್ದು ಹೋಗುತ್ತಾರೆ. ಮೂರು ಹೆಣ್ಣುಮಕ್ಕಳನ್ನು ನಾನು ಹೀಗೆಯೇ ಕೊಟ್ಟದ್ದು. ಸಕ್ಕರೆ ಕಾರ್ಖಾನೆಯ ಟೇಬಲ್ಲಿನ ಮೇಲೆ ಸಕ್ಕರೆಯಲ್ಲದೆ ಇನ್ನೇನು ಇರುತ್ತದೆ, ಬಂದವರಿಗೆಲ್ಲ ಕೊಡುತ್ತಾರೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಮರುದಿನ ಮುಂಜಾನೆ ಆ ಪೊಟ್ಟಣಕ್ಕೆ ಮನೆಯ ಸಕ್ಕರೆ ಬೆರೆಸಿ ಓಣಿಗೆಲ್ಲ ಹಂಚಿದೆ. ಚಿಮ್ಮಡ ಸಾಲೆಯ ಹೆಡ್ ಮೇಡಂ ನಮ್ಮ ಹಿಂದಿನ ಓಣಿಯವರು. ಅವರ ಮನೆಗೂ ಹೋದೆ.

“ಖರೆ ಏನವ್ವಾ? ನೌಕರಿ ಪಕ್ಕಾ ಆತೇನು?” ಎಂದು ಕೇಳಿದರು.

“ಸಕ್ಕರಿ ಕೊಟ್ಟಾರ್ರಿ ಅಕ್ಕೋರ, ಇನ್ನೇನ ಪಕ್ಕಾ ಆಗೂದೈತಿ?”

ಮೊಮ್ಮಗಳು ಅವರಿಗೆ ಇನ್ನೂ ಏನೂ ಹೇಳಿರಲಿಲ್ಲ. ಆ ವಾರವೇ ಅವರು ಗಲಗಲಿ ಕಡೆಯ ಹುಡುಗಿಯೊಬ್ಬಳನ್ನು ಅವಳ ಜಾಗಕ್ಕೆ ತೆಗೆದುಕೊಂಡರು. ಕೆಟ್ಟ ಮನಸ್ಸಿನಿಂದಲ್ಲ. ಮಕ್ಕಳ ಪರೀಕ್ಷೆ ಹತ್ತಿರ ಬಂದಿತ್ತು, ಬಿಟ್ಟು ಹೋಗುವವಳನ್ನು ನಂಬಿ ಎಷ್ಟು ದಿನ ಕೂರುತ್ತಾರೆ?

ಕಾರ್ಖಾನೆಯಿಂದ ಮಾತ್ರ ಸುದ್ದಿಯಿಲ್ಲ. ಎರಡು ವಾರ ಕಳೆದ ಮೇಲೆ ಅಲ್ಲಿನ ಕ್ಲಾರ್ಕ್ ಫೋನ್ ಮಾಡಿ ಜಾತಿ ಪ್ರಮಾಣಪತ್ರ, ಎರಡು ಫೋಟೋ ಕಳಿಸಲು ಹೇಳಿದರು. ಕಳಿಸಿದಳು. ನಾನು ಮತ್ತೆ ಓಣಿಯಲ್ಲಿ ಹೇಳಿದೆ. ನಾಲ್ಕು ದಿನಕ್ಕೆ, ಅದೇ ಲ್ಯಾಬಿಗೆ ಜನ ಬೇಕಾಗಿದ್ದಾರೆ ಎಂಬ ಜಾಹೀರಾತು ಅವಳ ಮೊಬೈಲಿಗೇ ಬಂತು. ದಸರೆಗೆ ಸಾಹೇಬರಿಗೆ ಬನ್ನಿಯ ಚಿತ್ರ ಕಳಿಸಿದಳು. ಅವರು ತಿರುಗಿ ಮುಗಿದ ಕೈಗಳ ಚಿತ್ರ ಕಳಿಸಿದರು.

“ಹಿಂಗಂದ್ರ ಏನ ಬೇ?”

“ನನಗೇನ ಗೊತ್ತ ಆಯಿ? ಬರ್ರಿ ಅಂತನೂ ಆಗ್ತೈತಿ, ಹೋಗಿ ಬರ್ರಿ ಅಂತನೂ ಆಗ್ತೈತಿ. ಫೋನ್ ಮಾಡಿ ಕೇಳ್ತೇನಿ.”

“ಹೆಣ್ಣಿನ ಕಡಿಯವರು ತಾವಾಗಿ ಕೇಳಬಾರದು. ಕಿಮ್ಮತ್ತು ಹೋಗ್ತೈತಿ,” ಎಂದು ನಾನು ಫೋನು ಕಸಿದು ಇಟ್ಟುಕೊಂಡೆ.

ಆಮೇಲಿನ ದಿನಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ನಾನು ಅಳಲಿಲ್ಲ, ಯಾರ ಮೇಲೂ ಸಿಟ್ಟಾಗಲಿಲ್ಲ. ಮುಂಜಾನೆ ಎದ್ದು ಮಗ್ಗಕ್ಕೆ ಬೇಕಾದ ನೂಲನ್ನು ಸಣ್ಣ ಕಂಡಿಕೆ ಕೊಳವೆಗಳಿಗೆ ಸುತ್ತಲು ಕೂರುತ್ತಿದ್ದೆ. ಒಂದು ತುಂಬಿದರೆ ಇನ್ನೊಂದು. ಒಮ್ಮೆ ಕೆಂಪಿನ ಬದಲು ಹಸಿರು ನೂಲನ್ನೇ ಬುಟ್ಟಿ ತುಂಬ ಸುತ್ತಿಟ್ಟಿದ್ದೆ. ಮಗ ನೋಡಿ ಪಕ್ಕಕ್ಕಿಟ್ಟ. ಝುಣಕಕ್ಕೆ ಉಪ್ಪು ಬಿದ್ದಿಲ್ಲ ಎಂದು ಸೊಸೆ ಹೇಳಿದಾಗ ನನ್ನ ತಾಟು ಖಾಲಿಯಾಗಿತ್ತು.

“ಯಾವಾಗ ಹೊಂಟಾಳವಾ ನಿಮ್ಮ ಸಾಹೇಬ್ತಿ? ಸಕ್ಕರಿ ಕರಗಿ ಹೋತು ನಮ್ಮ ಹೊಟ್ಟ್ಯಾಗ,” ಎಂದು ಎದುರು ಮನೆಯಾಕೆ ನಗುತ್ತಿದ್ದಳು. ನಾನೂ ಹಲ್ಲು ತೋರಿಸುತ್ತಿದ್ದೆ.

ಮೊಮ್ಮಗಳು ಚಿಮ್ಮಡದ ಆಟೋ ಬರುವ ಹೊತ್ತಿಗೆ ಸರಿಯಾಗಿ ತಲೆ ಬಾಚಿ, ಜಡೆ ಹೆಣೆದು, ಪಡಸಾಲೆಯಲ್ಲಿ ಕೂರುತ್ತಿದ್ದಳು. ಆಟೋ ಹಾರ್ನ್ ಹಾಕದೆ ಮುಂದೆ ಹೋಗುತ್ತಿತ್ತು. ನಾನು ನೋಡುತ್ತಿದ್ದೆ. ಕಾಲಿಗೆ ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ನನ್ನ ಎದೆ ಹಾಗಾಗಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಓಣಿ ಅಷ್ಟು ಸುಮ್ಮನಾದಾಗ ಮೊಮ್ಮಗಳ ಮುಂದೆ ನನ್ನ ಬಾಯಿ ತಾನೇ ತೆರೆಯಿತು.

“ನಿನ್ನ ಸಾಲಿ ನೌಕರಿ ಕಳದಾಕಿ ನಾನ.”

“ಗೊತ್ತೈತಿ.”

“ಯಾರ ಹೇಳಿದ್ರು?”

“ಹೆಡ್ ಮೇಡಂ. ಸಕ್ಕರಿ ಹಂಗ ಡಬ್ಬ್ಯಾಗ ಇಟ್ಟಾರ. ಅವರಿಗೆ ಶುಗರ್ ಐತಿ ಆಯಿ, ತಿನ್ನಾಕ ಬರೂದಿಲ್ಲ.”

“ಮತ್ತ ನನಗ ಒಂದ ಮಾತ ಬೈಲಿಲ್ಲಲ್ಲ?”

“ಬೈದ್ರ ನೌಕರಿ ಬರ್ತೈತೇನು? ಫೋನ್ ಮಾಡಾಕ ಬಿಡಲಿಲ್ಲಲ್ಲ, ಅದಕ್ಕ ಸಿಟ್ಟು ನನಗ. ಇದು ನನ್ನ ಲಗ್ನ ಅಲ್ಲ ಬೇ ಆಯಿ. ಇಲ್ಲಿ ಕೇಳಿದ್ರ ಯಾರ ಕಿಮ್ಮತ್ತೂ ಹೋಗೂದಿಲ್ಲ.”

ಅವಳ ಫೋನನ್ನು ಅವಳ ಮುಂದಿಟ್ಟೆ. “ಮಾಡು,” ಎಂದೆ.

ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಸಾಹೇಬರಿಗೆ ಹಚ್ಚಿದಳು.

“ಅರೆ, ನೀವೇನ್ರಿ! ಒಮ್ಮಿನೂ ಫೋನ್ ಮಾಡ್ಲಿಲ್ಲಲ್ಲ. ನಿಮಗ ಮನಸಿಲ್ಲ ಅಂತ ತಿಳಕೊಂಡಿದ್ವಿ,” ಎಂದರು ಸಾಹೇಬರು.

“ನೀವ ಮಾಡಬ್ಯಾಡ್ರಿ ಅಂದಿದ್ರಿ, ಸರ್.”

“ಹಂಗ ಎಲ್ಲಾರಿಗೂ ಅಂತೇವ್ರಿ.”

“ಸರ್, ಹೌದೋ ಅಲ್ಲೋ, ಒಂದ ಹೇಳ್ರಿ. ಅಲ್ಲ ಅಂದ್ರೂ ನಡೀತೈತಿ. ಬ್ಯಾರೆ ಕಡೆ ನೋಡ್ತೇನಿ.”

ಆ ಕಡೆ ಬಾಗಿಲು ಮುಚ್ಚಿದ ಸಪ್ಪಳವಾಯಿತು. ಆಮೇಲೆ ಸಾಹೇಬರು ಹೇಳಿದರು, “ಖಾಯಂ ಮಾಡೂದು ನನ್ನ ಕೈಯಾಗಿಲ್ರಿ. ಅದಕ್ಕ ಬಾಯಿ ಬಿಟ್ಟು ಏನೂ ಹೇಳಾಕ ಆಗಿರಲಿಲ್ಲ. ಸೀಜನ್ ಮುಗಿಯೂತನಕ ಹೌದು. ಸೋಮವಾರ ಬರ್ರಿ.”

“ಅಷ್ಟ ಬರದ ಕಳಸ್ರಿ ಸರ್, ಬರ್ತೇನಿ.”

ಸಾಹೇಬರಂಥವರಿಗೆ ‘ಬರೆದು ಕಳಿಸಿ’ ಎಂದು ಈ ಮನೆಯಲ್ಲಿ ಯಾರೂ ಅಂದದ್ದಿಲ್ಲ. ಮರುದಿನ ಪತ್ರ ಮೊಬೈಲಿಗೆ ಬಂತು. ಮಗ ಎರಡು ಸಲ ದೊಡ್ಡ ದನಿಯಲ್ಲಿ ಓದಿದ. ಸೊಸೆ ಶಿರಾ ಮಾಡಿದಳು. ನಾನೂ ತಿಂದೆ. ಈಗ ಖುಷಿಯಾಗಬೇಕು ಎಂದು ಕಾದು ಕುಳಿತೆ, ಆಗಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿ ಕೇಳಿದಂತಿತ್ತು.

ಸೋಮವಾರ ಹೊರಟಾಗಲೂ ನಾನು ಬಾಗಿಲಿಗೆ ಹೋಗಲಿಲ್ಲ, ಕಂಡಿಕೆ ಸುತ್ತುತ್ತಿದ್ದೆ. ಮಧ್ಯಾಹ್ನ ಫೋನ್ ಬಂತು.

“ಆಯಿ, ಒಳಗ ಬಿಟ್ರು. ಹಾಜರಿ ಬುಕ್ಕಿನಾಗ ನನ್ನ ಹೆಸರ ಬರದಾರ. ಕಬ್ಬಿನ ಹಾಲು ಪರೀಕ್ಷೆ ಮಾಡಾಕತ್ತೇನಿ. ಇಲ್ಲಿ ಎಲ್ಲಾ ಗಂಡಸರ, ನಾನೊಬ್ಬಾಕಿನ ಹೆಣ್ಣು. ಇಡ್ತೇನಿ, ಕೆಲಸೈತಿ.”

ಆ ‘ಕೆಲಸೈತಿ’ ಎಂಬುದು ಕಿವಿಗೆ ಬಿತ್ತು ನೋಡಿ, ಅಲ್ಲಿಂದ ಶುರುವಾಯಿತು. ಮೊದಲು ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಸೆರಗು ತೋಯ್ದು ಹೋಯಿತು. ಮಗ ಮಗ್ಗ ನಿಲ್ಲಿಸಿ ಓಡಿ ಬಂದ. “ಏನಾತ ಬೇ ಯವ್ವಾ? ಯಾರರೆ ಹ್ವಾದ್ರೇನು?” ನಾನು ಅವನ ಬೆನ್ನಿಗೆ ಗುದ್ದಿ ಇನ್ನಷ್ಟು ನಕ್ಕೆ. ಅವತ್ತಿನಿಂದ ನನ್ನ ಬಾಯಿಗೆ ಬೀಗವೇ ಇಲ್ಲ. ಹಿಟ್ಟಿನ ಗಿರಣಿಯಲ್ಲಿ, ನಳದ ಹತ್ತಿರ, ಗುರುತಿಲ್ಲದ ಬಸ್ಸಿನವರ ಮುಂದೆಯೂ ನನ್ನ ಮೊಮ್ಮಗಳದೇ ಮಾತು.

ಎದುರು ಮನೆಯಾಕೆ ಮೊನ್ನೆ ಮತ್ತೆ ಕೇಳಿದಳು, “ಖಾಯಂ ಆತೇನ ಹಂಗಾರ?”

“ಇಲ್ಲವಾ. ಸೀಜನ್ ಮುಗಿಯೂತನಕ ಅಷ್ಟ. ಮುಂದಿಂದು ಸಾಹೇಬರಿಗೆ ಆಕಿ ತಾನ ಕೇಳ್ತಾಳ,” ಎಂದೆ.