ಬಸಗೊಂಡಪ್ಪನವರ ರಬ್ಬರ್ ದೋಣಿ

ಬನಹಟ್ಟಿಯ ಬಸಗೊಂಡಪ್ಪನವರಷ್ಟು ಶ್ರದ್ಧೆಯಿಂದ ಮೀನು ಹಿಡಿಯದೇ ಇರುವವರು ಕೃಷ್ಣೆಯಲ್ಲಿ ಮತ್ತೊಬ್ಬರಿಲ್ಲ. ಮಗ್ಗಕ್ಕೆ ರಜೆ ಸಿಕ್ಕಿತೆಂದರೆ ಹಿಪ್ಪರಗಿಯ ಹಿನ್ನೀರಿಗೆ ಬಂದು, ರಬ್ಬರ್ ದೋಣಿಗೆ ಪಂಪಿನಿಂದ ಗಾಳಿ ತುಂಬಿ, ನಡುನೀರಿನಲ್ಲಿ ಗಾಳ ಇಳಿಬಿಡುತ್ತಾರೆ. ಆಮೇಲೆ, ಆಚೆ ದಡದ ಎಮ್ಮೆಗಳೂ ಬೆಚ್ಚುವಂತೆ, ದೋಣಿಯಲ್ಲೇ ಕೂತ ಹೆಂಡತಿಗೆ, "ಸಪ್ಪಳ ಮಾಡಬ್ಯಾಡ, ಮೀನ ಓಡಿ ಹೋಗತಾವ!" ಎಂದು ಒದರುತ್ತಾರೆ. ಮೂವತ್ತು ವರ್ಷ ಪಾವರ್‌ಲೂಮುಗಳ ಗದ್ದಲದ ನಡುವೆ ಮಾತಾಡಿದವರಿಗೆ ಅದೇ ಪಿಸುಮಾತು. ಬರಿಗೈಲಿ ಮರಳುವಾಗ ತಪ್ಪೆಲ್ಲ ನದಿಯದು: "ಈ ಹೊಳಿ ಮೀನಿಗೆ ಶಿಸ್ತ ಇಲ್ಲರೀ!" ನೀರು ಕಂಡರೆ ನಡುಗುವ ಹೆಂಡತಿ ದಾನಮ್ಮ ಮಾತ್ರ ದೋಣಿ ಹತ್ತುವುದನ್ನು ಒಮ್ಮೆಯೂ ತಪ್ಪಿಸುವುದಿಲ್ಲ. "ನಾ ಮೀನ ಹಿಡಿಯೂದು ನೋಡಾಕ ಬರತಾಳ" ಎಂದು ಇವರು ಬೀಗುತ್ತಾರೆ. ಆಕೆ ದೋಣಿಯ ಅಂಚಿಗೆ ಕಿವಿಯಾನಿಸಿ ಕೂತಿರುತ್ತಾರೆ. ಗಾಳಿ ಸೋರತೊಡಗಿದರೆ ಇಬ್ಬರಲ್ಲೊಬ್ಬರಿಗಾದರೂ ಕೇಳಿಸಬೇಕಲ್ಲ.