ಅರ್ಧ ಎತ್ತಿದ ಶಟರ್

ದಾವಣಗೆರೆಗೆ ಇಂಟರ್ನೆಟ್ ಆಗಷ್ಟೇ ಕಾಲಿಟ್ಟಿತ್ತು. ಹರಿಹರದ ಸೀರೆ ಅಂಗಡಿಯೊಂದಕ್ಕೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ನಮ್ಮ ಪುಟ್ಟ ತಂಡಕ್ಕೆ ಸಿಕ್ಕಿತು. ಚಿತ್ರ, ಬಣ್ಣ ಎಲ್ಲ ರೇಖಾಳದು. ಪ್ರೋಗ್ರಾಮ್ ಬರೆಯುವುದು ಶಿವುವಿನದು. ಇಬ್ಬರ ಜಗಳ ಬಿಡಿಸುವುದು ನನ್ನದು.

ಎಲ್ಲ ಮುಗಿಸಿ ತೋರಿಸಿದಾಗ ಅಂಗಡಿಯ ಸಾಹುಕಾರರು ಕೇಳಿದರು, "ಭಾನುವಾರ ಇದನ್ನ ಹೆಂಗೆ ಮುಚ್ತೀರಿ?"

"ಮುಚ್ಚೋದೇ ಬ್ಯಾಡ್ರಿ, ದಿನಾ ತೆರೆದೇ ಇರ್ತೈತೆ," ಅಂದೆ ಹೆಮ್ಮೆಯಿಂದ.

ಅವರು ಗಾಬರಿಯಾದರು. "ಭಾನುವಾರ ಇಡೀ ಬಜಾರ ಬಂದ್ ಇರ್ತೈತೆ. ನಂದೊಂದೇ ತೆರೆದಿದ್ರೆ ವರ್ತಕರ ಸಂಘದ ಅಧ್ಯಕ್ಷರು ಸುಮ್ನೆ ಬಿಡ್ತಾರೇನ್ರಿ?"

ಶಿವು ಗೊಣಗುತ್ತಲೇ ಪ್ರೋಗ್ರಾಮ್ ತಿದ್ದಿದ. ರೇಖಾ ಚೆಂದದೊಂದು ಶಟರಿನ ಚಿತ್ರ ಬರೆದಳು. ಭಾನುವಾರ ಬಂತೆಂದರೆ ಸೀರೆಗಳೆಲ್ಲ ಅದರ ಹಿಂದೆ ಮರೆಯಾಗುತ್ತಿದ್ದವು.

ಮೊದಲ ಭಾನುವಾರವೇ ಸಾಹುಕಾರರ ಫೋನು. "ಶಟರ್ ಪೂರ್ತಿ ಎಳೆದುಬಿಟ್ಟೀರಲ್ರಿ! ಭಾನುವಾರ ನಾವು ಅರ್ಧ ಎತ್ತಿಟ್ಟಿರ್ತೀವಿ. ಗೊತ್ತಿದ್ದೋರು ಬಗ್ಗಿ ಒಳಗ ಬರ್ತಾರೆ."

"ಕಂಪ್ಯೂಟರಿಗೆ ತೆರೆಯೋದು ಗೊತ್ತು, ಮುಚ್ಚೋದು ಗೊತ್ತು. ಅರ್ಧ ಅನ್ನೋದು ಗೊತ್ತಿಲ್ಲ," ಎಂದು ಶಿವು ಹಟ ಹಿಡಿದ. ರೇಖಾ ಚಿತ್ರದ ಶಟರನ್ನು ಅರ್ಧಕ್ಕೆ ಎತ್ತಿದಳು. ಕೆಳಗೆ ಸೀರೆಗಳ ಅಂಚು ಇಣುಕಿತು. ಅಂಚನ್ನು ಒತ್ತಿದರೆ ಅಂಗಡಿ ತೆರೆಯುವಂತೆ ಶಿವು ಮಾಡಲೇಬೇಕಾಯಿತು.

ವಾರ ಕಳೆಯುವುದರೊಳಗೆ ಸಂಘದ ಅಧ್ಯಕ್ಷರೇ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ನಾನು ದಡಬಡ ಎದ್ದು ಕುರ್ಚಿ ಎಳೆದೆ. "ಬರ್ರಿ, ಕೂಡ್ರಿ," ಅಂದೆ. ಅವರು ಕೂತು, ಭಾನುವಾರದ ಪುಟ ತೆಗೆಸಿ, ಕಂಪ್ಯೂಟರಿನ ಮುಂದೆ ಒಮ್ಮೆ ಬಗ್ಗಿ ನೋಡಿದರು.

"ನಮ್ಮ ಅಂಗಡಿಗೂ ಇಂಥದ್ದೊಂದು ಮಾಡಿಕೊಡ್ರಿ," ಅಂದರು. "ಶಟರ್ ಮಾತ್ರ ಇದಕ್ಕಿಂತ ಒಂದು ಗೇಣು ಮ್ಯಾಲಿರ್ಲಿ."